ಗುಜರಿ ಪಿಸ್ಟನ್ ಕರಗಿಸಿ ಮನೆಗೊಂದು ಹೆಸರಿನ ಫಲಕ

ತಂಗಿಯ ಹೊಸ ಮನೆಗೆ ‘ಹೊಂಗೆ’ ಅಂತ ಹೆಸರಿಟ್ಟಿದ್ದಾರೆ. ಗೇಟಿನ ಕಂಬಕ್ಕೆ ಒಂದು ಫಲಕ ಬೇಕು: ಒಂದಡಿ ಉದ್ದ, ಉಬ್ಬಿದ ಅಕ್ಷರ, ಹಿಂದೆ ಕಪ್ಪು ಬಣ್ಣ. ಬೋರ್ಡಿನ ಅಂಗಡಿಯಲ್ಲಿ ಅಕ್ರಿಲಿಕ್ಕಿನದನ್ನು ಅಲ್ಲೇ ನಿಲ್ಲಿಸಿ ಕೊಯ್ದು ಕೊಡುತ್ತಾರೆ. ನಾನು ಪಿಸ್ಟನ್ ಕರಗಿಸಿ ಎರಕ ಹೊಯ್ದು ಕೊಡುತ್ತೇನೆ ಅಂದೆ. ಬೆಳಗಾವಿಯಲ್ಲಿದ್ದವರಿಗೆ ಈ ಹುಚ್ಚು ಹತ್ತುವುದು ಕಷ್ಟವಲ್ಲ. ಉದ್ಯಮಬಾಗ, ಮಚ್ಛೆ ಕಡೆ ಹೋದರೆ ಫೌಂಡ್ರಿಗಳೇ ಫೌಂಡ್ರಿಗಳು. ಅಲ್ಲಿ ಹೊಯ್ಯುವುದು ಹೆಚ್ಚಾಗಿ ಬೀಡುಕಬ್ಬಿಣ. ನನ್ನ ಹಿತ್ತಲಿಗೆ ಅಷ್ಟು ಉರಿ ದಕ್ಕುವುದಿಲ್ಲ, ಅಲ್ಯೂಮಿನಿಯಂ ಸಾಕು. ಪಕ್ಕದ ಮನೆಯ ಕಾಕಾ ಫೌಂಡ್ರಿಯಲ್ಲಿ ಮೋಲ್ಡರ್ (ಉಸುಕಿನ ಅಚ್ಚು ಕಟ್ಟುವವ) ಆಗಿ ದುಡಿದು ನಿವೃತ್ತರಾದವರು. ಕಟ್ಟೆ ಮೇಲೆ ಕೂತು ಟೀಕೆ ಮಾಡುವುದು ಅವರ ಪಾಲಿನ ಕೆಲಸ.

ಈ ಹವ್ಯಾಸದ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಕುಲುಮೆಯದೇ ದರ್ಬಾರು. ಲೋಹ ಕರಗಿಸುವ ಪಾತ್ರೆ, ಅಂದರೆ ಮೂಸೆ, ಕೆಂಪಗೆ ಹೊಳೆಯುವುದು ನೋಡಲು ಚೆಂದ, ನಿಜ. ಆದರೆ ವಸ್ತು ಚೆನ್ನಾಗಿ ಬರುವುದೋ ಕೆಡುವುದೋ ತೀರ್ಮಾನವಾಗುವುದು ಬೆಂಕಿ ಹಚ್ಚುವ ಮುಂಚೆಯೇ, ಗುಜರಿ ಆರಿಸುವಾಗ ಮತ್ತು ಅಚ್ಚಿಗೆ ಉಸುಕು ತಟ್ಟುವಾಗ. ಆದ್ದರಿಂದ ಇಲ್ಲಿ ಕುಲುಮೆಯ ಬಗ್ಗೆ ಕಡಿಮೆ ಬರೆಯುತ್ತೇನೆ.

ಗುಜರಿ

ತಂಪುಪಾನೀಯದ ಡಬ್ಬಿಗಳಿಂದ ಶುರು ಮಾಡುವವರೇ ಜಾಸ್ತಿ, ಪುಕ್ಕಟೆ ಸಿಗುತ್ತವಲ್ಲ. ಒಂದು ಕೆಜಿ ಆಗಲು ಎಪ್ಪತ್ತಕ್ಕೂ ಹೆಚ್ಚು ಡಬ್ಬಿ ಬೇಕು. ತೆಳು ತಗಡು, ಹೊರಗೆ ಬಣ್ಣ, ಒಳಗೆ ಪ್ಲಾಸ್ಟಿಕ್ ಲೇಪ. ಕರಗಿಸಿದರೆ ಹೊಗೆ ಮತ್ತು ಕಿಟ್ಟ ಬೇಕಾದಷ್ಟು, ಲೋಹ ಸ್ವಲ್ಪ. ಕಿಟಕಿಯ ಸೆಕ್ಷನ್ ತುಂಡುಗಳು ನೋಡಲು ಶುಭ್ರವಾಗಿರುತ್ತವೆ, ಆದರೆ ಆ ಮಿಶ್ರಲೋಹವನ್ನು ತಯಾರಿಸಿದ್ದು ಡೈಯಲ್ಲಿ ಒತ್ತಿ ಹೊರಡಿಸುವುದಕ್ಕೆ. ಅಚ್ಚಿನ ಸಣ್ಣ ಮೂಲೆಗಳಿಗೆ ಸರಿಯಾಗಿ ಹರಿಯುವುದಿಲ್ಲ, ತಣಿಯುವಾಗ ಬಿರಿಯುತ್ತದೆ.

ಎರಕದಲ್ಲಿ ಹುಟ್ಟಿದ್ದನ್ನೇ ಮತ್ತೆ ಎರಕಕ್ಕೆ ಹಾಕಬೇಕು. ಪಿಸ್ಟನ್, ಸಿಲಿಂಡರ್ ಹೆಡ್, ಕ್ರ್ಯಾಂಕ್‌ಕೇಸ್ ಕವರ್, ಅಲಾಯ್ ವೀಲ್ ಇವೆಲ್ಲ ಆ ಜಾತಿಯವು. ಇವುಗಳಲ್ಲಿ ಸಿಲಿಕಾನ್ ಇರುತ್ತದೆ: ಅಲಾಯ್ ವೀಲಿನಲ್ಲಿ ಸುಮಾರು ಶೇ 7, ಪಿಸ್ಟನ್ನಿನಲ್ಲಿ ಸಾಮಾನ್ಯವಾಗಿ ಶೇ 12ರ ಆಸುಪಾಸು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಶೇ 12ರಷ್ಟು ಸಿಲಿಕಾನ್ ಬೆರೆತದ್ದು 577ರ ಹೊತ್ತಿಗೇ ನೀರಾಗುತ್ತದೆ, ಜೊತೆಗೆ ತೆಳುವಾಗಿ ಹರಿಯುತ್ತದೆ. ಅಕ್ಷರದ ಅಂಚು ಚೊಕ್ಕಟವಾಗಿ ಮೂಡಬೇಕಾದರೆ ಬೇಕಾದ್ದು ಇದೇ ಗುಣ.

ನಮ್ಮ ಓಣಿಯ ತುದಿಯ ಗ್ಯಾರೇಜಿನ ಹುಡುಗ ಒಂದು ಚೀಲ ತುಂಬಿಸಿ ಕೊಟ್ಟ. “ಅಣ್ಣಾ, ಈ ಕವರ್ ಒಡದೈತಿ ಖರೇ, ಮಾಲ್ ಛಲೋ ಐತಿ, ಒಯ್ರಿ. ಇದನ್ನೂ ಒಯ್ರಿ,” ಅಂತ ಒಂದು ಕಾರ್ಬ್ಯುರೇಟರ್ ಸಹ ಹಾಕಲು ಬಂದ. ಅದನ್ನು ವಾಪಸ್ ಕೊಟ್ಟೆ. ಕಾರ್ಬ್ಯುರೇಟರ್‌ಗಳು ಬಹಳಷ್ಟು ಸತುವಿನ ಮಿಶ್ರಲೋಹದವು. ಅದೇ ಗಾತ್ರದ ಅಲ್ಯೂಮಿನಿಯಂ ತುಂಡಿನ ಪಕ್ಕ ಕೈಯಲ್ಲಿ ಹಿಡಿದರೆ ಭಾರ ಎರಡೂವರೆ ಪಟ್ಟು, ಗೊತ್ತಾಗಿಬಿಡುತ್ತದೆ. ಇನ್ನೊಂದು ಶತ್ರು ಮ್ಯಾಗ್ನೀಸಿಯಂ. ಕೆಲವು ಗಾಡಿಗಳ ಎಂಜಿನ್ ಕವರ್, ಮರ ಕೊಯ್ಯುವ ಚೈನ್‌ಸಾ ಬಾಡಿ ಅದರದ್ದಾಗಿರುತ್ತವೆ. ಅರದಿಂದ ಒಂದು ಕಡೆ ಉಜ್ಜಿ ವಿನೆಗರ್ ಹನಿ ಬಿಡಿ. ಬುರುಬುರು ನೊರೆ ಎದ್ದರೆ ಮ್ಯಾಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಮ್ಯಾಗ್ನೀಸಿಯಂ ಕುಲುಮೆಯಲ್ಲಿ ಹೊತ್ತಿಕೊಂಡರೆ ನೀರು ಹೊಯ್ದಷ್ಟೂ ಉರಿ ಹೆಚ್ಚುತ್ತದೆ.

ಪಿಸ್ಟನ್ನಿನಿಂದ ಪಿನ್ನು, ಸರ್ಕ್ಲಿಪ್, ರಿಂಗುಗಳನ್ನೆಲ್ಲ ಕಿತ್ತೆ. ಕಬ್ಬಿಣ ಅಲ್ಯೂಮಿನಿಯಂನಲ್ಲಿ ನಿಧಾನವಾಗಿ ಕರಗಿ ಸೇರಿಕೊಂಡು, ತಣಿದ ಮೇಲೆ ಸೂಜಿಯಂಥ ಹರಳುಗಳಾಗಿ ಎರಕವನ್ನು ಪೆಡಸು ಮಾಡುತ್ತದೆ. ಡೀಸೆಲ್ ಪಿಸ್ಟನ್ ಸಿಕ್ಕರೆ ಇನ್ನೂ ಒಂದು ನೆನಪಿಡಿ: ಎಷ್ಟೋ ಪಿಸ್ಟನ್‌ಗಳಲ್ಲಿ ಮೇಲಿನ ರಿಂಗ್ ಕೂರುವಲ್ಲಿ ಬೀಡಿನ ಬಳೆಯೊಂದನ್ನು ಒಳಗೇ ಹುದುಗಿಸಿರುತ್ತಾರೆ. ಹೊರಗಿನಿಂದ ಕಿತ್ತರೆ ಬರುವುದಿಲ್ಲ. ಕರಗಿದ ಮೇಲೆ ಮೂಸೆಯ ತಳಕ್ಕೆ ಬೀಳುತ್ತದೆ, ಆಗ ಎತ್ತಿ ಹಾಕಬೇಕು.

ಕ್ರ್ಯಾಂಕ್‌ಕೇಸ್ ಕವರ್ ದೊಡ್ಡದು, ಮೂಸೆಯ ಬಾಯಿಗೆ ಹಿಡಿಯುವುದಿಲ್ಲ. ಹ್ಯಾಕ್ಸಾದಲ್ಲಿ ಕೊಯ್ಯುತ್ತ ಕೂರಬೇಡಿ. ಕುಲುಮೆಯ ಬಾಯಿ ಮೇಲಿಟ್ಟು, ಇನ್ನೇನು ಕರಗಬೇಕು ಅನ್ನುವ ಹಂತಕ್ಕೆ ಕಾಯಿಸಿ, ಹೊರತೆಗೆದು ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಪುಡಿಪುಡಿಯಾಗಿ ಒಡೆಯುತ್ತದೆ. ಅಷ್ಟು ಕಾದ ಅಲ್ಯೂಮಿನಿಯಂಗೆ ಏಟು ತಾಳುವ ಶಕ್ತಿಯೇ ಇರುವುದಿಲ್ಲ. ಎಣ್ಣೆ, ಕಾರ್ಬನ್ ಹಿಡಿದ ತುಂಡುಗಳನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದೆ.

ಕುಲುಮೆ

ಹಳೆಯ ಎಣ್ಣೆ ಡಬ್ಬ, 20 ಲೀಟರಿನದು. ಒಳಗೆ ಒಂದಿಂಚು ದಪ್ಪದ ಸೆರಾಮಿಕ್ ಫೈಬರ್ ಬ್ಲ್ಯಾಂಕೆಟ್ ಎರಡು ಪದರ, ಮೇಲೆ ಉರಿ ತಾಳುವ ಫೈರ್‌ಕ್ಲೇ ಗಾರೆ. ಗಾರೆ ಬಳಿಯುವುದು ಅಂದಕ್ಕಲ್ಲ, ಆ ಫೈಬರ್ ಎಳೆಗಳು ಉದುರಿ ಶ್ವಾಸಕೋಶಕ್ಕೆ ಹೋಗಬಾರದು ಅಂತ. ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಮರಳು ಬೆರೆಸಿ ಕುಲುಮೆ ಮಾಡುವ ವಿಧಾನ ಭಾರೀ ಜನಪ್ರಿಯ. ನನಗದು ಸೇರುವುದಿಲ್ಲ, ಜಿಪ್ಸಂ ಒಳಗಿನ ನೀರು ಬಿಟ್ಟುಕೊಟ್ಟು ಕೆಲವು ಸಲದಲ್ಲೇ ಬಿರಿದು ಉದುರುತ್ತದೆ. ಉರುವಲಿಗೆ ಇದ್ದಿಲು, ಗಾಳಿಗೆ ಕಮ್ಮಾರರು ಬಳಸುವ ಕೈ ಬ್ಲೋವರ್. ಗ್ಯಾಸ್ ಬರ್ನರ್ ಸಲೀಸು, ಆದರೆ ಅಡುಗೆಮನೆಯ ಸಿಲಿಂಡರನ್ನು ಇದಕ್ಕೆ ಹಚ್ಚುವುದು ಕಾನೂನಿಗೂ ವಿರುದ್ಧ, ಮನೆಯವರಿಗೂ ವಿರುದ್ಧ.

ಮೂಸೆ ಮಾತ್ರ ಕ್ಲೇ-ಗ್ರಾಫೈಟಿನದು. ಕಬ್ಬಿಣದ ಪೈಪಿಗೆ ತಳ ವೆಲ್ಡ್ ಮಾಡಿ ಬಳಸುವವರಿದ್ದಾರೆ; ಕರಗಿದ ಅಲ್ಯೂಮಿನಿಯಂ ಆ ಕಬ್ಬಿಣವನ್ನು ತಿನ್ನುತ್ತದೆ, ಒಂದು ದಿನ ತಳ ಕಳಚಿ ಬೀಳುತ್ತದೆ. ಮೂಸೆಯ ಮೇಲಿನ ನಂಬರು ಅಂದರೆ ಅದು ಹಿಡಿಯುವ ಹಿತ್ತಾಳೆಯ ಅಂದಾಜು ಕೆಜಿ. ಅಲ್ಯೂಮಿನಿಯಂ ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ ತೂಗುತ್ತದೆ, ಹಾಗಾಗಿ 6ನೇ ನಂಬರಿನದರಲ್ಲಿ ಒಂದೂವರೆ ಕೆಜಿ ಆರಾಮಾಗಿ ಹೊಯ್ಯಬಹುದು. ಬೆಳಗಾವಿಯ ಮಳೆಗಾಲದಲ್ಲಿ ಮೂಸೆ ಹವೆಯ ತೇವವನ್ನೇ ಹೀರಿ ಕೂತಿರುತ್ತದೆ. ಸಣ್ಣ ಉರಿಯಲ್ಲಿ ಖಾಲಿ ಮೂಸೆಯನ್ನೇ ಮೊದಲು ಕಾಯಿಸಬೇಕು, ಇಲ್ಲವಾದರೆ ಚಟ್ ಅಂತ ಸೀಳುತ್ತದೆ.

ಪ್ಯಾಟರ್ನ್

ಉಸುಕಿನಲ್ಲಿ ಅಚ್ಚಿನ ಆಕಾರ ಮೂಡಿಸುವ ಮಾದರಿಯೇ ಪ್ಯಾಟರ್ನ್. ಅಕ್ಷರಗಳನ್ನು 5 ಮಿ.ಮೀ. ಅಕ್ರಿಲಿಕ್ಕಿನಲ್ಲಿ ಲೇಸರ್ ಅಂಗಡಿಯಲ್ಲಿ ಕೊಯ್ಯಿಸಿದೆ. ಲೇಸರ್ ಕೊಯ್ಲು ಪೂರ್ತಿ ನೇರ ಇರುವುದಿಲ್ಲ, ಕಿರಣ ಒಳಹೊಕ್ಕ ಕಡೆ ತುಸು ಜಾಸ್ತಿ ತಿಂದಿರುತ್ತದೆ. ಅಂದರೆ ಅಕ್ಷರದ ಒಂದು ಮುಖ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಅಗಲ. ಆ ಅಗಲದ ಮುಖವನ್ನೇ ತಳದ ಹಲಗೆಗೆ ಅಂಟಿಸಿದೆ, ಇಳಿಜಾರು ಪುಕ್ಕಟೆ ಸಿಕ್ಕಿತು. ಉಸುಕಿನಿಂದ ಪ್ಯಾಟರ್ನ್ ಬಿಡಿಸಿಕೊಂಡು ಬರಬೇಕಾದರೆ ಪ್ರತಿ ಗೋಡೆಗೂ ಈ ಇಳಿಜಾರು ಬೇಕು. ಸಾಲದ್ದಕ್ಕೆ ಸಣ್ಣ ಅರದಿಂದ ಇನ್ನೊಂದೆರಡು ಡಿಗ್ರಿ ಉಜ್ಜಿದೆ. ಅಕ್ಷರ ಹಲಗೆಗೆ ಸೇರುವ ಮೂಲೆಗೆಲ್ಲ ಪುಟ್ಟಿ ಹಾಕಿ ಬೆರಳಲ್ಲಿ ಸವರಿ ದುಂಡಗೆ ಮಾಡಿದೆ, ಮೇಲೆ ಲ್ಯಾಕರ್, ಅದರ ಮೇಲೆ ಮೇಣದ ಪಾಲಿಶ್.

ಅಲ್ಯೂಮಿನಿಯಂ ತಣಿಯುವಾಗ ಉದ್ದದಲ್ಲಿ ಸುಮಾರು ಶೇ 1.3ರಷ್ಟು ಕುಗ್ಗುತ್ತದೆ. 300 ಮಿ.ಮೀ. ಫಲಕ ಬೇಕಾದರೆ ಪ್ಯಾಟರ್ನ್ 304 ಇರಬೇಕು.

ಕನ್ನಡ ಅಕ್ಷರಗಳಿಗೆ ಎರಕದಲ್ಲಿ ಒಂದು ಒಳ್ಳೆಯದಿದೆ, ಒಂದು ಕಷ್ಟವಿದೆ. ಎಲ್ಲವೂ ದುಂಡು, ಲೋಹ ಸರಾಗವಾಗಿ ತಿರುಗುತ್ತದೆ. ರೋಮನ್ ಲಿಪಿಯ ಚೂಪು ಮೂಲೆಗಳಲ್ಲಿ ಆಗುವಂತೆ ಉಸುಕು ಒಡೆಯುವುದಿಲ್ಲ. ಆದರೆ ದುಂಡಗಿನ ಹೊಟ್ಟೆಗಳು ಮುಚ್ಚಿಕೊಂಡಲ್ಲಿ ಒಳಗೆ ಉಸುಕಿನ ಒಂಟಿ ಕಂಬ ನಿಲ್ಲಬೇಕಾಗುತ್ತದೆ. ನಮ್ಮ ‘ಹೊಂಗೆ’ಯಲ್ಲಿ ಆ ತಂಟೆ ನಡುವಿನ ಸೊನ್ನೆಯದು. ಕಂಪ್ಯೂಟರಿನ ಫಾಂಟಿನಲ್ಲಿದ್ದಂತೆ ಕೊಯ್ದ ಸೊನ್ನೆಯ ತೂತು 6 ಮಿ.ಮೀ., ಆಳ 5 ಮಿ.ಮೀ. ಪ್ಯಾಟರ್ನ್ ಎತ್ತಿದಾಗ ಆ ಉಸುಕಿನ ಕಂಬ ಅಚ್ಚಿನಲ್ಲಿ ಉಳಿಯದೆ ಪ್ಯಾಟರ್ನಿನ ಜೊತೆಯೇ ಎದ್ದು ಬಂತು. ಪುನಃ ತಟ್ಟಿದರೂ ಅದೇ ಕತೆ. ಕಾಕಾ ಕಟ್ಟೆಯಿಂದಿಳಿದು ಬಂದು ನೋಡಿ, “ತಮ್ಮಾ, ಸೊನ್ನಿ ದೊಡ್ಡದ ಮಾಡು. ಆಮ್ಯಾಲೆ ಒಳಗ ಒಂದ ಮೊಳಿ ನಿಂದ್ರಿಸು. ಉಸಕಿಗೂ ಎಲಬ ಬೇಕಲ್ಲ?” ಅಂದರು.

ತೂತನ್ನು 11 ಮಿ.ಮೀ. ಮಾಡಿದೆ, ಒಳಗೋಡೆಯ ಇಳಿಜಾರನ್ನೂ ಹೆಚ್ಚಿಸಿದೆ. ಮೊಳೆಯ ವಿಚಾರ ಮುಂದೆ ಬರುತ್ತದೆ.

ಲೋಹ ಎಷ್ಟು ಬೇಕು? ಕಲ್ಯಾಣ ಚಾಲುಕ್ಯರ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೇಣದ ಮೂರ್ತಿಯನ್ನು ತೂಗಿ, ಅದರ ಇಷ್ಟು ಪಟ್ಟು ಲೋಹ ಅಂತ ಲೆಕ್ಕ ಹಾಕುವ ಕ್ರಮವಿದೆ. ನಾಗಮಂಗಲದಂಥ ಕಡೆ ಮೇಣ ಕರಗಿಸಿ ವಿಗ್ರಹ ಹೊಯ್ಯುವವರಿಗೆ ಇದು ಸರಿಹೋಗುತ್ತದೆ. ನನ್ನದು ಮರ, ಅಕ್ರಿಲಿಕ್, ಪುಟ್ಟಿ ಬೆರಕೆ, ತೂಗಿ ಪ್ರಯೋಜನವಿಲ್ಲ. ಪ್ಯಾಟರ್ನಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ತುಂಬಿದ ಬೋಗುಣಿ ನೀರಿನಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದೆ. 215 ಮಿ.ಲೀ. ಅದನ್ನು ಅಲ್ಯೂಮಿನಿಯಂನ ಸಾಂದ್ರತೆ 2.7ರಿಂದ ಗುಣಿಸಿದರೆ 580 ಗ್ರಾಂ ಫಲಕ. ಹೊಯ್ಯುವ ಕೊಳವೆ, ಕಾಲುವೆ, ರೈಸರ್ (ಅಚ್ಚು ತುಂಬಿದ ಲೋಹ ಮೇಲೆ ಬಂದು ನಿಲ್ಲುವ ತೂತು) ಅದರಷ್ಟೇ ತಿನ್ನುತ್ತವೆ, ಕಿಟ್ಟಕ್ಕೊಂದಿಷ್ಟು ಹೋಗುತ್ತದೆ. ಒಂದೂವರೆ ಕೆಜಿ ಮೂಸೆಗೆ ಹಾಕಿದೆ.

ಉಸುಕು

ಸಿಲಿಕಾ ಉಸುಕು 10 ಕೆಜಿ, ಉಸುಕನ್ನು ಹಿಡಿದಿಡುವ ಬೆಂಟೊನೈಟ್ ಜೇಡಿಪುಡಿ 1 ಕೆಜಿ, ನೀರು 300ರಿಂದ 400 ಮಿ.ಲೀ. ಕಟ್ಟಡದ ಎಂ-ಸ್ಯಾಂಡ್ ಬೇಡ; ಕಲ್ಲು ಪುಡಿ ಮಾಡಿದ್ದು, ಕಣ ಚೂಪು, ಗಾತ್ರ ಅಡ್ಡಾದಿಡ್ಡಿ. ಮೊದಲು ಒಣಗಿದ್ದನ್ನೇ ಬೆರೆಸಿ, ಆಮೇಲೆ ನೀರನ್ನು ಚಿಮುಕಿಸುತ್ತ ಕೈಯಲ್ಲಿ ತಿಕ್ಕುತ್ತ ಹೋಗಬೇಕು. ಫೌಂಡ್ರಿಯಲ್ಲಿ ಇದಕ್ಕೆ ಮಲ್ಲರ್ ಯಂತ್ರ ಇರುತ್ತದೆ, ಇಲ್ಲಿ ಕಾಲಲ್ಲಿ ತುಳಿದೆ. ರಾತ್ರಿಯಿಡೀ ಗೋಣಿ ಮುಚ್ಚಿಟ್ಟರೆ ಬೆಂಟೊನೈಟ್ ನೀರು ಕುಡಿದು ಹದಕ್ಕೆ ಬರುತ್ತದೆ. ಒಣ ಉಸುಕು ಜರಡಿ ಹಿಡಿಯುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಕಟ್ಟಲೇಬೇಕು. ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ಹೋಗುವುದಿಲ್ಲ.

ಹದ ನೋಡಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಬಿಗಿಯಾಗಿ ಒತ್ತಿ ಕೈ ಬಿಚ್ಚಿ. ಬೆರಳ ಗೆರೆಗಳು ಅದರ ಮೇಲೆ ಮೂಡಿರಬೇಕು. ಉಂಡಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿದರೆ ಲಟ್ ಅಂತ ಎರಡೇ ತುಂಡಾಗಬೇಕು, ಅಂಚು ಚೂಪಾಗಿರಬೇಕು. ಪುಡಿಯಾದರೆ ನೀರು ಕಡಿಮೆ. ಅಂಗೈ ಒದ್ದೆಯಾಗಿ ಹೊಳೆದರೆ ನೀರು ಜಾಸ್ತಿ, ಅದು ಅಪಾಯದ ಕಡೆ: ಒಂದು ಹನಿ ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಅಚ್ಚಿನೊಳಗೆ ಅದಕ್ಕೆ ದಾರಿ ಎಲ್ಲಿ? ಕಾಕಾ ಈ ಉಂಡಿಯನ್ನು ನೋಡುವುದೂ ಇಲ್ಲ, ಕಣ್ಣು ಮುಚ್ಚಿ ಕೈಯಲ್ಲಿ ಹಿಸುಕಿ “ಇನ್ನೊಂದ ಚೂರ” ಅನ್ನುತ್ತಾರೆ.

ಪೆಟ್ಟಿಗೆ ಎರಡು ಭಾಗದ್ದು, ಕೆಳಗಿನದು ಡ್ರ್ಯಾಗ್, ಮೇಲಿನದು ಕೋಪ್. ಹಲಗೆಯ ಮೇಲೆ ಪ್ಯಾಟರ್ನನ್ನು ಅಕ್ಷರ ಮೇಲೆ ಬರುವಂತೆ ಇಟ್ಟು, ಸುತ್ತ ಡ್ರ್ಯಾಗ್ ಬೋರಲು ಹಾಕಿದೆ. ತಿರುಗಿಸಿದ ಮೇಲೆ ಅಕ್ಷರದ ಮುಖ ಅಚ್ಚಿನ ತಳಕ್ಕೆ ಹೋಗುತ್ತದೆ. ಕಿಟ್ಟ, ಗಾಳಿಗುಳ್ಳೆ ಏನಿದ್ದರೂ ಮೇಲಕ್ಕೆ ತೇಲಿ ಫಲಕದ ಬೆನ್ನಿಗೆ ಸೇರಲಿ ಅಂತ ಈ ವ್ಯವಸ್ಥೆ. ಮೈಗೆ ಹಾಕುವ ಟಾಲ್ಕಂ ಪೌಡರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಪ್ಯಾಟರ್ನಿನ ಮೇಲೆ ಕೊಡವಿದೆ, ಉಸುಕು ಅಂಟದಿರಲು.

ಈಗ ಮೊಳೆ. ಸಣ್ಣ ಜರಡಿಯಲ್ಲಿ ಸೋಸಿದ ಉಸುಕನ್ನು ಸೊನ್ನೆಯ ತೂತಿನೊಳಗೆ ಬೆರಳ ತುದಿಯಿಂದ ಒತ್ತಿ ತುಂಬಿದೆ. ತಲೆ ಕತ್ತರಿಸಿದ ಒಂದಿಂಚಿನ ತೆಳು ಮೊಳೆಯನ್ನು ನೀರಿನಲ್ಲಿ ಅದ್ದಿ, ಆ ಉಸುಕಿನ ನಡುವೆ ನೆಟ್ಟಗೆ ಇಳಿಸಿದೆ. ತುದಿ ತಳಕ್ಕೆ ಮುಟ್ಟುವ ಮುಂಚೆ, ಒಂದೂವರೆ-ಎರಡು ಮಿ.ಮೀ. ಉಸುಕು ಉಳಿಯುವಂತೆ ನಿಲ್ಲಿಸಬೇಕು. ಲೋಹಕ್ಕೆ ಮೊಳೆ ತಾಗಕೂಡದು. ಮಿಕ್ಕ ಮುಕ್ಕಾಲು ಇಂಚು ಮೇಲೆ ಚಾಚಿಕೊಂಡಿರುತ್ತದೆ. ಅದರ ಮೇಲೆ ಉಳಿದ ಉಸುಕು ಹಾಕಿ ತಟ್ಟಿದಾಗ ಮೊಳೆ ಹಿಂದಿನ ಉಸುಕಿಗೂ ಈ ಪುಟ್ಟ ಕಂಬಕ್ಕೂ ಕೀಲಾಗಿ ಕೂರುತ್ತದೆ. ಪೆಟ್ಟಿಗೆ ತಿರುವಿ, ಪ್ಯಾಟರ್ನಿನ ಬೆನ್ನಿಗೆ ಎರಡು ಸ್ಕ್ರೂ ಹಾಕಿ, ಅವಕ್ಕೆ ಸುತ್ತಲೂ ಟಕಟಕ ತಟ್ಟಿ ಸಡಿಲಿಸಿ, ನೆಟ್ಟಗೆ ಮೇಲಕ್ಕೆ ಎತ್ತಿದೆ. ಒಳಗೆ ಸೊನ್ನೆಯ ಕಂಬ ಬೋಳಾಗಿ, ಅಂಚು ಮುರಿಯದೆ ನಿಂತಿತ್ತು. ಪಕ್ಕದಲ್ಲಿ ಉದುರಿದ್ದ ನಾಲ್ಕು ಕಣ ಉಸುಕನ್ನು ಸ್ಟ್ರಾದಿಂದ ಊದಿ ತೆಗೆದೆ.

ಕಾಲುವೆಯನ್ನು ಫಲಕದ ಉದ್ದದ ಬದಿಗೆ ಇಟ್ಟು ಮೂರು ಕಡೆ ಬಾಗಿಲು ಕೊಟ್ಟೆ. ಒಂದೇ ಮೂಲೆಯಿಂದ ಹೊಯ್ದರೆ 5 ಮಿ.ಮೀ. ದಪ್ಪದ ತಗಡಿನಲ್ಲಿ ಲೋಹ ಆ ತುದಿ ಮುಟ್ಟುವ ಮುಂಚೆ ಹೆಪ್ಪುಗಟ್ಟುವ ಭಯ. ಬಾಗಿಲುಗಳು ಸೊನ್ನೆಗೆ ನೇರ ಎದುರಿಗೆ ಬರದಂತೆ ನೋಡಿಕೊಂಡೆ. ಕೋಪ್ ತಟ್ಟಿದ ಮೇಲೆ ಸೈಕಲ್ ಸ್ಪೋಕ್‌ನಿಂದ ಅಲ್ಲಲ್ಲಿ ಚುಚ್ಚಿ ಆವಿಗೆ ದಾರಿ ಮಾಡಿದೆ.

ಹೊಯ್ಯುವುದು

ಜಾಗ ಮಣ್ಣಿನ ನೆಲ, ಮೇಲೆ ಒಣ ಉಸುಕು ಹರಡಿದ್ದು. ಸಿಮೆಂಟ್ ಅಂಗಳದ ಮೇಲೆ ಹೊಯ್ಯಬಾರದು. ಕರಗಿದ ಲೋಹ ಬಿದ್ದರೆ ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಚಕ್ಕೆ ಸಿಡಿಯುತ್ತದೆ. ಹತ್ತಿ ಬಟ್ಟೆ, ಚರ್ಮದ ಏಪ್ರನ್, ಚರ್ಮದ ಬೂಟು, ಪ್ಯಾಂಟು ಬೂಟಿನ ಹೊರಗೆ, ಮುಖಕ್ಕೆ ಶೀಲ್ಡ್. ಮಳೆ ಮೋಡ ಇದ್ದರೆ ಕೆಲಸ ಮುಂದಕ್ಕೆ.

ಮೊದಲ ತುಂಡುಗಳು ಕರಗಿ ತಳದಲ್ಲಿ ಮಡು ಆದ ಮೇಲೆ ಮಿಕ್ಕಿದ್ದನ್ನು ಒಂದೊಂದಾಗಿ ಸೇರಿಸಿದೆ. ಪ್ರತಿ ತುಂಡೂ ಕುಲುಮೆಯ ಬಾಯಿಯ ಅಂಚಿನಲ್ಲಿ ಕಾದೇ ಒಳಗೆ ಹೋಗಬೇಕು. ತೇವದ ತುಂಡು ಕರಗಿದ ಲೋಹದಡಿ ಮುಳುಗಿದರೆ ಮೂಸೆಯ ಲೋಹವೆಲ್ಲ ಮುಖಕ್ಕೆ. ಇದ್ದಿಲಿನ ಬೂದಿ ಬೀಳದಂತೆ ಮೂಸೆಗೆ ಹೆಂಚಿನ ಚೂರು ಮುಚ್ಚಿದ್ದೆ.

ಇದ್ದಿಲಿಗೆ ಗಾಳಿ ಕೊಟ್ಟರೆ ಸಾವಿರ ಡಿಗ್ರಿ ದಾಟುವುದು ಸಲೀಸು, ತಡೆಯುವುದೇ ಕಷ್ಟ. ಬಿಸಿ ಹೆಚ್ಚಾದಷ್ಟೂ ಅಲ್ಯೂಮಿನಿಯಂ ಹವೆಯ ತೇವದಿಂದ ಹೈಡ್ರೋಜನ್ ಹೀರುತ್ತದೆ. ದ್ರವದಲ್ಲಿ ಕರಗಿದ್ದ ಹೈಡ್ರೋಜನ್ನಿಗೆ ಘನದಲ್ಲಿ ಇಪ್ಪತ್ತನೇ ಒಂದು ಪಾಲಿನಷ್ಟೂ ಜಾಗವಿಲ್ಲ, ಹೆಪ್ಪುಗಟ್ಟುವಾಗ ಹೊರಬಿದ್ದು ಸೂಜಿ ಚುಚ್ಚಿದಂಥ ತೂತುಗಳನ್ನು ಬಿಡುತ್ತದೆ. ಫೌಂಡ್ರಿಗಳಲ್ಲಿ ಇದನ್ನು ತೆಗೆಯಲು ಗುಳಿಗೆ ಹಾಕುತ್ತಾರೆ. ಆ ಹೊಗೆ ಮನೆಯ ಹಿತ್ತಲಿಗೆ ತಕ್ಕದ್ದಲ್ಲ. ನಮಗಿರುವ ಮದ್ದು ಅಂದರೆ ಬೇಗ ಕರಗಿಸಿ, ಕಲಕದೆ, ಕಾಯಿಸುತ್ತ ಕೂರದೆ ಹೊಯ್ದುಬಿಡುವುದು. ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ಲಿಗೆ ಫೈರ್‌ಕ್ಲೇ ಬಳಿದು ಅದ್ದಿ ನೋಡಿದೆ. 720 ತೋರಿಸಿದಾಗ ಬ್ಲೋವರ್ ನಿಲ್ಲಿಸಿ, ಕಾಯಿಸಿದ ಚಮಚದಿಂದ ಕಿಟ್ಟ ಸರಿಸಿದೆ. ಕೆಳಗೆ ಕನ್ನಡಿಯ ಮುಖ ಕಂಡಿತು, ಕ್ಷಣದಲ್ಲೇ ಮೇಲೆ ಬೂದು ಕೆನೆ ಕಟ್ಟಿತು.

ಹೊಯ್ಯುವುದಕ್ಕೆ ಹತ್ತು ಸೆಕೆಂಡೂ ಬೇಡ. ಮೂಸೆಯ ಮೂತಿ ಕೊಳವೆಗೆ ಹತ್ತಿರ ಇರಬೇಕು, ಧಾರೆ ಕಡಿಯಬಾರದು, ಕೊಳವೆ ಕಡೆಯವರೆಗೂ ತುಂಬಿಯೇ ಇರಬೇಕು. ರೈಸರಿನಲ್ಲಿ ಲೋಹ ಮೇಲೆ ಬಂದಾಗ ನಿಲ್ಲಿಸಿದೆ. ಸ್ಪೋಕಿನ ತೂತುಗಳಿಂದ ಆವಿ ಸುಯ್ ಅಂದಿತು.

ಮಿಕ್ಕ ಲೋಹವನ್ನು ಗುಜರಿಯಲ್ಲಿ ಸಿಕ್ಕ ಬೀಡಿನ ಪಡ್ಡಿನ ಹಂಚಿಗೆ ಹೊಯ್ದೆ. ಚೆನ್ನಾಗಿ ಕಾಯಿಸಿ, ಮಸಿ ಹಿಡಿಸಿದ ಹಂಚು. ಅಂಟುವುದಿಲ್ಲ, ತಿರುವಿದರೆ ಗುಂಡುಗಳು ಉದುರುತ್ತವೆ. ಆ ಹಂಚು ಮತ್ತೆ ಅಡುಗೆಗೆ ಇಲ್ಲ. ಒಂದು ಮಾತು: ಅಲ್ಯೂಮಿನಿಯಂ 400 ಡಿಗ್ರಿ ಇದ್ದರೂ ತಣ್ಣಗಿರುವ ಅಲ್ಯೂಮಿನಿಯಂನಂತೆಯೇ ಕಾಣುತ್ತದೆ, ಕೆಂಪಗಾಗಿ ಎಚ್ಚರಿಸುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಆ ಗುಂಡುಗಳ ಸುತ್ತ ಇಟ್ಟಿಗೆ ಕಟ್ಟಿ ಇಡಿ.

ಅರ, ಪಾಲಿಶ್, ಬಣ್ಣ

ಅಚ್ಚು ಒಡೆದಾಗ ಸೊನ್ನೆ ಪೂರ್ತಿ ಬಂದಿತ್ತು, ಒಳತೂತು ಸೇರಿ. ‘ಗೆ’ಯ ಎತ್ವದ ತುದಿ ತುಸು ಮೊಂಡಾಗಿತ್ತು, ಅಲ್ಲಿ ಗೆರೆಯ ದಪ್ಪ ಮೂರು ಮಿ.ಮೀ.ಗಿಂತ ಕಡಿಮೆ, ಲೋಹ ಬೇಗ ಹೆಪ್ಪುಗಟ್ಟಿದೆ. ಬೆನ್ನ ಮೇಲೆ ಅಕ್ಷರಗಳ ನೇರಕ್ಕೆ ತೆಳುವಾದ ತಗ್ಗುಗಳು. ಅಕ್ಷರವಿರುವಲ್ಲಿ ದಪ್ಪ ಎರಡು ಪಟ್ಟು, ಕಡೆಗೆ ತಣಿಯುವುದು ಅದೇ, ಅದಕ್ಕೆ ಬೇಕಾದ ಲೋಹವನ್ನು ಬೆನ್ನಿನಿಂದ ಎಳೆದುಕೊಂಡಿದೆ. ಬೆನ್ನು ಗೋಡೆಗೆ ಹೋಗುತ್ತದಾದ್ದರಿಂದ ಹಾಗೇ ಬಿಟ್ಟೆ.

ಕಾಲುವೆಗಳನ್ನು ಹ್ಯಾಕ್ಸಾದಿಂದ ಕೊಯ್ದೆ. ಅಲ್ಯೂಮಿನಿಯಂ ಪುಡಿ ಅರದ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ. ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿದರೆ ತಂತಿ ಬ್ರಷ್ಷಿನಲ್ಲಿ ಸುಲಭವಾಗಿ ಉದುರುತ್ತದೆ. ತೂತು ಕೊರೆಯುವಾಗ ಡ್ರಿಲ್ ಬಿಟ್ಟಿಗೆ ಸೀಮೆಎಣ್ಣೆ ಹನಿಸಿದೆ. ಇಡೀ ಫಲಕಕ್ಕೆ ಪ್ರೈಮರ್, ಮೇಲೆ ಕಪ್ಪು ಎನಾಮಲ್. ಗಾಜಿನ ಹಲಗೆಗೆ 240ರ ಎಮರಿ ಪೇಪರ್ ಅಂಟಿಸಿ, ಫಲಕ ಬೋರಲು ಹಾಕಿ ಉಜ್ಜಿದರೆ ಉಬ್ಬಿದ ಅಕ್ಷರದ ಬಣ್ಣ ಮಾತ್ರ ಹೋಗುತ್ತದೆ. ಆಮೇಲೆ 400, 800. ಬೆಳ್ಳಗೆ ಮಿಂಚಿದ ಮೇಲೆ ಕ್ಲಿಯರ್ ಲ್ಯಾಕರ್. ಕಂಬಕ್ಕೆ ಕೂರಿಸಲು ಸ್ಟೇನ್‌ಲೆಸ್ ಸ್ಕ್ರೂ, ನಡುವೆ ನೈಲಾನ್ ವಾಷರ್. ಮಳೆನೀರು ಸೇರಿದರೆ ಸ್ಟೀಲಿಗೆ ಅಂಟಿದ ಅಲ್ಯೂಮಿನಿಯಂ ಬೇಗ ಸವೆಯುತ್ತದೆ.

ಗ್ಯಾರೇಜಿನ ಹುಡುಗ ಫಲಕ ನೋಡಿ ತನ್ನ ಅಂಗಡಿಗೂ ಒಂದು ಬೇಕು ಅಂದಿದ್ದಾನೆ, ಪಿಸ್ಟನ್ ಅವನದೇ. ‘ಗ್ಯಾರೇಜ್’ ಬರೆದರೆ ಮೊದಲ ಅಕ್ಷರಕ್ಕೇ ಯ ಒತ್ತು, ಕೆಳಗಿನ ಸಂದು ನಾಲ್ಕು ಮಿ.ಮೀ. ಕೂಡ ಉಳಿಯುವುದಿಲ್ಲ. ಒತ್ತನ್ನು ಬೇರೆ ಅಚ್ಚಿನಲ್ಲಿ ಹೊಯ್ದು ಹಿಂದಿನಿಂದ ಸ್ಕ್ರೂ ಹಾಕಿ ಕೂರಿಸುವ ಯೋಚನೆ ನನ್ನದು. ಕಾಕಾನ ಪ್ರಕಾರ ಅದೆಲ್ಲ ಬೇಡ, ಸಂದಿಗೊಂದು ಕೋರ್, ಅಂದರೆ ಗಟ್ಟಿ ಮಾಡಿದ ಉಸುಕಿನ ಬೇರೆ ತುಂಡು, ಮಾಡಿದರೆ ಆಯಿತು. ಕೋರಿನ ಉಸುಕು ಅಂಟಲು ಸೋಡಿಯಂ ಸಿಲಿಕೇಟ್ ತರಬೇಕು, ಉಸುಕನ್ನೂ ಇನ್ನೊಮ್ಮೆ ಸೋಸಬೇಕು.